ಚೀಲದ ತೂಕ

ಸಿದ್ದಾಪುರ, ಏಳನೇ ತರಗತಿ.
ಜನವರಿಯ ಚಳಿ ಇನ್ನೂ ಬೆಂಚು ಬಿಟ್ಟು ಎದ್ದಿರಲಿಲ್ಲ.
ಕರಿಹಲಗೆಯ ಮೇಲೆ ಬರೆದೆ: ನೇರ ಅನುಪಾತ.
ಇದು ದುಪ್ಪಟ್ಟಾದರೆ ಅದೂ ದುಪ್ಪಟ್ಟು,
ಇದು ಅರ್ಧವಾದರೆ ಅದೂ ಅರ್ಧ,
ಇದು ಇಲ್ಲದ ದಿನ ಅದೂ ಇಲ್ಲ.

ಉದಾಹರಣೆ ಹೇಳಿ, ಅಂದೆ.
ಮೊಟ್ಟೆಗೆ ಏಳು, ಹತ್ತಕ್ಕೆ ಎಪ್ಪತ್ತು. ಹೌದು.
ಜೀಪು? ಹತ್ತಿ ಕೂತರೇ ಐವತ್ತು,
ಆಮೇಲೆ ಕಿಲೋಮೀಟರಿಗೆ ಹದಿನೈದು. ಅಲ್ಲ.
ಕೊನೇ ಬೆಂಚಿನ ಶಮ್ನಾಸ್ ಎದ್ದು ನಿಂತ:
"ಒಂದು ಆನೆ ರಸ್ತೆಗೆ ಬಂದ್ರೆ ಒಂದು ದಿನ ರಜೆ.
ಹನ್ನೊಂದು ಆನೆ ಬಂದ್ರೂ ಒಂದೇ ದಿನ. ಅನ್ಯಾಯ, ಟೀಚರ್."
ಅಲ್ಲ, ಅಂತ ಬರೆದುಕೊಂಡೆವು, ನಗುತ್ತಲೇ.

ಪರೀಕ್ಷೆಯಲ್ಲಿ ಕೇಳಿದೆ:
ನಿಮ್ಮ ಮನೆಯ ಲೆಕ್ಕದಿಂದ ಒಂದು ಪಟ್ಟಿ ಮಾಡಿ,
ನಕ್ಷೆ ಎಳೆಯಿರಿ, ಅನುಪಾತ ಹೌದೋ ಅಲ್ಲವೋ ಹೇಳಿ.
ಎರಡು ಅಂಕ.
ತಂಗಮಣಿ ಬರೆದದ್ದು ಅಮ್ಮನ ಕಾಫಿ ಕೊಯ್ಲು:
ಮೂವತ್ತು ಕಿಲೋಗೆ ನೂರ ನಲವತ್ತು,
ನಲವತ್ತಕ್ಕೆ ನೂರ ತೊಂಬತ್ತು,
ಅರವತ್ತಕ್ಕೆ ಇನ್ನೂರ ತೊಂಬತ್ತು.
ಮೂರು ಚುಕ್ಕಿ, ದಾರ ಹಿಡಿದಂತೆ ಒಂದೇ ಗೆರೆ.
ಕೆಳಗೆ: ಅನುಪಾತ ಅಲ್ಲ.

ರಾತ್ರಿ ಹನ್ನೊಂದು. ನಲವತ್ತೊಂದು ಪೇಪರು.
ಕರೆಂಟು ಹೋಗಿ, ಬಂದು, ಹೋಗಿ.
ಹತ್ತು ಕಿಲೋ ಹೆಚ್ಚಿದರೆ ಐವತ್ತು ಹೆಚ್ಚು,
ಗೆರೆ ನೇರ, ಇನ್ನೇನು ಬೇಕು?
ಕೆಂಪು ಶಾಯಿಯಲ್ಲಿ ತಪ್ಪು ಎಳೆದೆ.

ಮರುದಿನ ಪೇಪರನ್ನು ನಾಲ್ಕು ಮಡಿಕೆ ಮಾಡಿ ತಂದಳು.
"ಗೆರೆ ನೇರ ಇದೆ ಟೀಚರ್, ಆದ್ರೆ ಮನೆಗೆ ಹೋಗಲ್ಲ."
ಯಾವ ಮನೆ?
ಸ್ಕೇಲಿಟ್ಟು ಹಿಂದಕ್ಕೆ ಎಳೆದಳು, ನಾಲಗೆ ಕಚ್ಚಿಕೊಂಡು.
ಗೆರೆ ಇಳಿದು ಇಳಿದು
ಸೊನ್ನೆಯ ಮೂಲೆ ಮುಟ್ಟುವ ಮುಂಚೆಯೇ
ಎರಡು ಕಿಲೋ ಹತ್ತಿರ ನೆಲಕ್ಕೆ ಕೂತುಬಿಟ್ಟಿತು.
"ಮೂವತ್ತು ಅರವತ್ತಾದ್ರೆ ನೂರ ನಲವತ್ತು ಇನ್ನೂರ ಎಂಬತ್ತಾಗ್ಬೇಕು.
ಇಲ್ಲಿ ಹತ್ತು ಜಾಸ್ತಿ."
ಜಾಸ್ತಿ ಬಂದ್ರೆ ಒಳ್ಳೇದಲ್ವಾ, ಅಂದ ಶಮ್ನಾಸ್.
"ಅಲ್ವೋ. ದಿನಕ್ಕೆ ಹತ್ತು ಹೋಗ್ತಿದೆ.
ಒಂದೇ ದಿನ ಅರವತ್ತು ಕೊಯ್ದ್ರೆ ಒಂದು ಸಲ,
ಮೂವತ್ತು ಮೂವತ್ತು ಅಂತ ಕೊಯ್ದ್ರೆ ಎರಡು ಸಲ."

ಯಾವುದಮ್ಮ ಆ ಎರಡು ಕಿಲೋ?
"ಚೀಲದ ತೂಕ ಅಂತ ರೈಟರು ಕಳೀತಾರೆ."

ಬಿಸಿಯೂಟದ ಕೋಣೆಯಲ್ಲಿ ಬೇಳೆ ತೂಗುವ ತಕ್ಕಡಿ.
ಅಕ್ಕಿ ಮುಗಿದ ಗೋಣಿಯನ್ನು ಕೊಡವಿ ಇಟ್ಟೆವು.
ಏಳುನೂರು ಗ್ರಾಂ.
"ಇಬ್ಬನಿಗೆ ನೆನೆದ್ರೆ?" ಅಂದರು ಅಡುಗೆಯ ಚೋಂದವ್ವ,
ಬಿಂದಿಗೆ ನೀರು ಸುರಿದೇಬಿಟ್ಟರು.
ಹಿಂಡಿ, ಮತ್ತೆ ಇಟ್ಟೆವು. ಒಂದು ಕಿಲೋ ನಾನೂರು.
ನೆಲವೆಲ್ಲ ಒದ್ದೆ,
ಆದರೂ ಎರಡಾಗಲಿಲ್ಲ.
ಚೀಲಕ್ಕೆ ತೂಕವೇ ಇಲ್ಲ ಅಂತ ಯಾರೂ ಅನ್ನಲಿಲ್ಲ;
ಎಷ್ಟು ಅಂತ ಕೇಳಿದೆವು, ಅಷ್ಟೇ.

ಕೆಂಪು ತಪ್ಪಿನ ಮೇಲೆ ಸರಿ ಎಳೆದರೆ
ಕಾಗದ ಹರಿಯುವಂತಾಗುತ್ತದೆ. ಎಳೆದೆ.
ಹದಿನಾಲ್ಕು ವರ್ಷ ನೇರ ಗೆರೆ ಕಂಡಲ್ಲೆಲ್ಲ
ಹೌದು ಅಂದವಳು ನಾನು.
ಬಾಲ ಹಿಡಿದು ಮೂಲೆವರೆಗೆ
ಒಮ್ಮೆಯೂ ನಡೆದು ನೋಡಿರಲಿಲ್ಲ.

ಆ ಸಂಜೆ ತೋಟದ ಕಣದಲ್ಲಿ ಏನು ಮಾತಾಯಿತೋ,
ಯಾರು ಯಾರಿಗೆ ಏನಂದರೋ, ನನಗೆ ಗೊತ್ತಿಲ್ಲ.
ಸೋಮವಾರ ತಂಗಮಣಿ ಹೊಸ ಪಟ್ಟಿ ತಂದಳು:
ಮೂವತ್ತೈದಕ್ಕೆ ನೂರ ಎಪ್ಪತ್ತು,
ಐವತ್ತಕ್ಕೆ ಇನ್ನೂರ ನಲವತ್ತೈದು.
ಹಳೆಯ ಗೆರೆಯ ಪಕ್ಕಕ್ಕೇ ಹೊಸ ಗೆರೆ,
ಅದೇ ಓರೆ, ಒಂದು ಚೌಕ ಈಚೆಗೆ.
ಒಂದು ಕಿಲೋ ಮನೆಗೆ ಬಂದಿತ್ತು.

ಅನುಪಾತ ಹೌದೋ ಅಲ್ಲವೋ, ನಾನು ಕೇಳಲೇ ಇಲ್ಲ.
ಅವಳೇ ಪೆನ್ಸಿಲ್ ಮೊನೆ ಮಾಡಿ
ಕೆಳಗೆ ಬರೆದಿದ್ದಳು:
ಇನ್ನೂ ಅಲ್ಲ.